ಲೈನ್ ಎಂಬ ದಾರ

ಮಾವ ಲೈನ್‌ಮನ್ ಆಗಿದ್ದವರು. ನಿವೃತ್ತರಾಗಿ ವರ್ಷಗಳಾದರೂ ಊರಿನವರು ಈಗಲೂ ‘ಲೈನ್‌ಮನ್ ಮನೆ’ ಅಂತಲೇ ದಾರಿ ತೋರಿಸುತ್ತಾರೆ. ಸಕಲೇಶಪುರದ ಕಡೆಯ ಆ ಮನೆಯ ಜಗಲಿಯಲ್ಲಿ ನಾನು ಒಂದು ಇಂಗ್ಲಿಷ್ ಕಥೆಯ ಅನುವಾದದ ಹಾಳೆಗಳನ್ನು ಹರವಿಕೊಂಡು ಕೂತಿದ್ದೆ. ಮೂರು ದಿನದಿಂದ ಒಂದೇ ಪದ ಕಾಡುತ್ತಿತ್ತು. ಮಾವ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದರು.

ನಾನು: ಮಾವ, ‘ಲೈನ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಮಾವ: ಲೈನ್ ಅಂದ್ರೆ ಲೈನೇ ಕಣಮ್ಮ. ಅದಕ್ಕೆ ಬೇರೆ ಕನ್ನಡ ಯಾಕೆ?

ನಾನು: ನಿಮ್ಮ ಕಂಬದ ಮೇಲಿನದು ಲೈನ್ ಸರಿ. ಈ ಕಥೇಲಿ ನಲವತ್ತು ಪುಟದೊಳಗೆ ಹನ್ನೊಂದು ಕಡೆ ಬರುತ್ತೆ. ಒಂದು ಕಡೆ ಮೀನುಗಾರನ ಗಾಳದ ದಾರ. ಇನ್ನೊಂದು ಕಡೆ ಹೆಂಡತಿ ಬಟ್ಟೆ ಒಣಗಿಸೋ ಹಗ್ಗ. ಮುಖದ ಮೇಲಿನ ಸುಕ್ಕು ಅದೇ, ಅಂಗಡಿ ಮುಂದಿನ ಸರದಿ ಅದೇ, ಮಗಳು ಬರೆದ ನಾಲ್ಕು ಸಾಲಿನ ಕಾಗದವೂ ಅದೇ. ಕೊನೇಲಿ ಒಂದು ಫೋನ್ ಬರುತ್ತೆ, ಅದೂ ಲೈನ್.

ಮಾವ: ನೀನೇ ಹೇಳಿದ್ಯಲ್ಲ, ದಾರ, ಹಗ್ಗ, ಸುಕ್ಕು, ಸರದಿ, ಸಾಲು. ಒಂದೊಂದು ಕಡೆ ಒಂದೊಂದು ಹಾಕು.

ನಾನು: ಹಾಕಿದೆ. ಹಾಕಿ ಓದಿದರೆ ಕಥೆಯೇ ಬಿಚ್ಚಿಹೋಯ್ತು. ಬರೆದವರು ಒಂದೇ ಪದದಲ್ಲಿ ಎಲ್ಲವನ್ನೂ ಪೋಣಿಸಿದ್ದಾರೆ. ನಾನು ದಾರ ತೆಗೆದು ಮಣಿಗಳನ್ನು ಮಾತ್ರ ಓದುಗರ ಕೈಗೆ ಕೊಟ್ಟ ಹಾಗಾಯ್ತು.

ಮಾವ: ಅವರಿಗೆ ಮಾತ್ರ ಒಂದೇ ಪದ ಹೆಂಗೆ ಸಾಕಾಯ್ತು?

ನಾನು: ಅದನ್ನ ಹುಡುಕ್ತಾ ಹೋದಾಗ ಒಂದು ವಿಷಯ ಗೊತ್ತಾಯ್ತು ಮಾವ. ನಾನು ಧಾರವಾಡದಿಂದ ತಂದ ಅಗಸಿ ಹಿಂಡಿ ತಿಂದ್ರಲ್ಲ, ರೊಟ್ಟಿ ಜೊತೆ?

ಮಾವ: ತಿಂದೆ. ನಮ್ಮ ಹುಚ್ಚೆಳ್ಳು ಚಟ್ನಿ ಥರಾನೇ, ಸ್ವಲ್ಪ ಅಂಟಂಟು.

ನಾನು: ಆ ಅಗಸೆ ಗಿಡದಿಂದಲೇ ಈ ಪದ ಹುಟ್ಟಿದ್ದು. ಲ್ಯಾಟಿನ್‌ನಲ್ಲಿ ಅಗಸೆಗೆ ‘ಲೀನುಂ’ ಅಂತಾರೆ. ಗಿಡದ ಕಾಂಡ ನೆನೆಹಾಕಿ, ಬಡಿದು, ನಾರು ತೆಗೆದು ನೂಲ್ತಿದ್ರು. ಆ ನಾರಿನ ದಾರ ‘ಲೀನೆಯಾ’. ಅಲ್ಲಿಂದ ಇಂಗ್ಲಿಷಿನ ಲೈನ್. ಅದೇ ನಾರಿನ ಬಟ್ಟೆ ಲಿನನ್. ಕೋಟಿನ ಒಳಗೆ ಆ ಬಟ್ಟೆ ಕೊಟ್ಟು ಹೊಲಿದರೆ ಲೈನಿಂಗ್. ಬೀಜಕ್ಕೆ ಲಿನ್‌ಸೀಡ್. ಆ ಬೀಜದ ಎಣ್ಣೆ ಗಟ್ಟಿ ಮಾಡಿ ನೆಲಕ್ಕೆ ಹಾಸೋ ಹಾಳೆ ಮಾಡಿದರು, ಅದು ಲಿನೋಲಿಯಂ. ಎಲ್ಲ ಒಂದೇ ಗಿಡದ ಮಕ್ಕಳು.

ಮಾವ: ಅಲ್ಲ ಕಣೇ, ದಾರಕ್ಕೆ ಲೈನ್ ಅಂದಿದ್ದು ಸರಿ. ಕಾಗದದ ಮೇಲೆ ಎಳೆಯೋ ಗೆರೆಗೆ ಯಾಕೆ ಲೈನ್ ಅಂದ್ರು? ಗೆರೇಲಿ ನಾರೆಲ್ಲಿದೆ?

ನಾನು: ನನಗೂ ಅಲ್ಲೇ ಸಿಕ್ಕಿಕೊಂಡಿತ್ತು. ನೂಲು ಹೇಗೆ ಗೆರೆ ಆಗುತ್ತೆ?

ಮಾವ: ತಡಿ, ತಡಿ. ಆಗುತ್ತೆ. ಆಚಾರಿ ಮರ ಕುಯ್ಯೋದು ನೋಡಿಲ್ವಾ ನೀನು? ಯಂತ್ರ ಬರೋಕೆ ಮುಂಚೆ ದಿಮ್ಮಿ ಮೇಲೆ ನೇರ ಗುರುತು ಹಾಕ್ಬೇಕು. ಹತ್ತಡಿ ದಿಮ್ಮಿಗೆ ಯಾವ ಪಟ್ಟಿ ಇಟ್ಟು ಗೆರೆ ಎಳೀತೀಯ? ದಾರನ ಕೆಮ್ಮಣ್ಣು ನೀರಲ್ಲಿ ಅದ್ದೋರು. ಈ ತುದಿ ಆಚಾರಿ, ಆ ತುದಿ ಹುಡುಗ. ಬಿಗಿಯಾಗಿ ಎಳೆದು ಹಿಡ್ಕೊಂಡು, ನಡುವೆ ಎರಡು ಬೆರಳಲ್ಲಿ ಎತ್ತಿ ಬಿಡೋದು. ಟಪ್ ಅಂತ ಬೀಳುತ್ತೆ. ದಾರ ತೆಗೆದ್ರೆ ದಿಮ್ಮಿ ಮೇಲೆ ಕೆಂಪು ಗೆರೆ, ಕೂದಲೆಳೆಯಷ್ಟು ಸೊಟ್ಟ ಇರಲ್ಲ. ನಾನು ಆ ತುದಿ ಹಿಡಿದ ಹುಡುಗ ಆಗಿದ್ದೆ, ಎಂಟೋ ಒಂಬತ್ತೋ ವಯಸ್ಸು. ಕೈ ಸಡಿಲ ಬಿಟ್ರೆ ತಲೆ ಮೇಲೆ ಕುಟ್ಟೋರು.

ನಾನು: ಹಾಗಾದರೆ ದಾರ ತನ್ನ ನೆರಳು ಬಿಟ್ಟು ಹೋದದ್ದೇ ಗೆರೆ.

ಮಾವ: ಹೂಂ. ಗಾರೆ ಕೆಲಸದೋರು ಈಗಲೂ ಇಟ್ಟಿಗೆ ಇಡೋಕೆ ಮುಂಚೆ ದಾರ ಕಟ್ತಾರೆ. ‘ಲೈನ್ ನೋಡ್ಕೋ’ ಅಂದ್ರೆ ‘ದಾರ ನೋಡ್ಕೋ’ ಅಂತಲೇ ಅರ್ಥ.

ನಾನು: ಎಷ್ಟು ಪುಸ್ತಕ ತಿರುವಿದರೂ ನನಗೆ ಇಷ್ಟು ಸ್ಪಷ್ಟವಾಗಿರಲಿಲ್ಲ ಮಾವ. ಸಂಸ್ಕೃತದ ‘ಸೂತ್ರ’ ಕೂಡ ಮೊದಲು ದಾರವೇ. ಆಮೇಲೆ ನಿಯಮ ಆಯ್ತು, ಗಣಿತದ ಸೂತ್ರ ಆಯ್ತು. ಯಜ್ಞವೇದಿ ಅಳೆಯೋ ಶುಲ್ಬಸೂತ್ರಗಳು ಅಂತ ಇವೆ, ಶುಲ್ಬ ಅಂದರೂ ಹಗ್ಗವೇ. ಹಗ್ಗ ಬಿಗಿದು ನೆಲದ ಮೇಲೆ ಚೌಕ, ವೃತ್ತ ಮೂಡಿಸ್ತಿದ್ರು. ರೇಖಾಗಣಿತ ಶುರುವಾದದ್ದೇ ಇಬ್ಬರು ಎರಡು ತುದಿ ಹಿಡಿದು ನಿಂತಾಗ.

ಮಾವ: ಮತ್ತೆ ಬರವಣಿಗೆಯ ಸಾಲು? ಅದೂ ದಾರದಿಂದಲೇನಾ?

ನಾನು: ಇಂಗ್ಲಿಷಿನಲ್ಲಿ ಹೌದು. ನಮ್ಮ ‘ಸಾಲು’ ಮಾತ್ರ ಹೊಲದ್ದು. ನೇಗಿಲು ಹೊಡೆದ ಸಾಲು, ಬೀಜ ಬಿತ್ತಿದ ಸಾಲು, ಆಮೇಲೆ ಅಕ್ಷರದ ಸಾಲು. ಇಂಗ್ಲಿಷಿನವರು ಪದ್ಯಕ್ಕೆ ‘ವರ್ಸ್’ ಅಂತಾರಲ್ಲ, ಅದರ ಲ್ಯಾಟಿನ್ ಮೂಲಕ್ಕೂ ನೇಗಿಲ ಸಾಲು ಅನ್ನೋ ಅರ್ಥ ಇದೆ. ಉತ್ತು ಹೋಗಿ ಬದುವಿನ ಹತ್ತಿರ ಎತ್ತು ತಿರುಗಿಸ್ತೀವಲ್ಲ, ಆ ತಿರುವಿನಿಂದ ಬಂದ ಪದ. ನನಗೆ ಇದು ಬಹಳ ಇಷ್ಟ. ಪದ್ಯ ಓದುವಾಗ ಸಾಲಿನ ಕೊನೇಲಿ ತಿರುಗಿ ಬರ್ತೀವಿ, ಎತ್ತಿನ ಹಾಗೆ.

ಮಾವ: ಸರದಿ ನಿಲ್ಲೋದಕ್ಕೆ ಇಂಗ್ಲಿಷಲ್ಲಿ ಕ್ಯೂ ಅಂತಾರಲ್ವಾ?

ನಾನು: ಬ್ರಿಟನ್‌ನವರು ಕ್ಯೂ ಅಂತಾರೆ. ಅದು ಫ್ರೆಂಚ್ ಪದ, ಅಂದರೆ ಬಾಲ. ಅಮೆರಿಕದವರು ಲೈನ್ ಅಂತಾರೆ. ಧಾರವಾಡದಲ್ಲಿ ಪಾಳಿ ಅಂತೀವಿ. ನೀವು ಏನಂತಿದ್ರಿ?

ಮಾವ: ಸೀಮೆಎಣ್ಣೆಗೆ ನಿಂತಿದ್ದು ಲೈನಲ್ಲೇ. ನಾವು ನಿಲ್ತಿರ್ಲಿಲ್ಲ, ಡಬ್ಬ ನಿಲ್ಲಿಸ್ತಿದ್ವಿ. ಬೆಳಿಗ್ಗೆ ಐದಕ್ಕೇ ಡಬ್ಬ ಇಟ್ಟು ಮೇಲೊಂದು ಕಲ್ಲಿಟ್ಟು ಬಂದ್ರೆ ಆ ಜಾಗ ನಮ್ದು. ಆ ಕಲ್ಲಿಗೆ ಮರ್ಯಾದೆ ಇತ್ತು.

(ಅಡಿಕೆಯ ತಟ್ಟೆ ಪಕ್ಕಕ್ಕಿಟ್ಟು ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.)

ಮಾವ: ನೀನು ಒಂದು ಲೈನ್ ಬಿಟ್ಟೆ.

ನಾನು: ಯಾವುದು?

ಮಾವ: ನಿಮ್ಮಮ್ಮ ಹೇಳಿಲ್ವಾ? ನಾವಿಬ್ರೂ ಹುಟ್ಟಿದ್ದು ಲೈನಲ್ಲೇ. ಕಾಫಿ ತೋಟದ ಲೈನ್ ಮನೇಲಿ.

ನಾನು: ತೋಟದಲ್ಲಿ ಅಂತ ಹೇಳಿದ್ರು. ಲೈನ್ ಅಂತ ಯಾವತ್ತೂ ಹೇಳಲಿಲ್ಲ.

ಮಾವ: ಹೇಳಲ್ಲ ಅವಳು. ಹತ್ತು ಬಾಗಿಲು, ಒಂದೇ ಸೂರು. ಮುಂದೆ ಉದ್ದಕ್ಕೂ ಒಂದೇ ಜಗಲಿ. ಒಂದೊಂದು ಸಂಸಾರಕ್ಕೆ ಒಂದು ಕೋಣೆ, ಹಿಂದೆ ಒಲೆ ಉರಿಸೋಕೆ ಒಂದಿಷ್ಟು ಜಾಗ. ನಡುವಿನ ಗೋಡೆ ಸೂರಿನ ತನಕ ಹೋಗ್ತಿರ್ಲಿಲ್ಲ. ಮೊದಲ ಮನೇಲಿ ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ರೆ ಹತ್ತನೇ ಮನೇಲಿ ಸೀನೋರು. ಯಾರ ಮನೇಲಿ ಜಗಳ, ಯಾರ ಮಗುಗೆ ಕೆಮ್ಮು, ಎಲ್ಲ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಕಂಬಳಿ ಒಣಗ್ತಾನೇ ಇರ್ಲಿಲ್ಲ. ಆ ವಾಸನೆ ಈಗಲೂ ಮೂಗಲ್ಲಿದೆ.

ನಾನು: ಆ ಹೆಸರು ಸೈನ್ಯದಿಂದ ಬಂದದ್ದು ಮಾವ. ಶಿಬಿರದಲ್ಲಿ ಸಾಲಾಗಿ ಹಾಕೋ ಗುಡಾರಗಳಿಗೆ, ಸಿಪಾಯಿಗಳ ಗುಡಿಸಲುಗಳಿಗೆ ಬ್ರಿಟಿಷರು ‘ಲೈನ್ಸ್’ ಅಂತಿದ್ರು. ಉತ್ತರದ ಊರುಗಳ ಸಿವಿಲ್ ಲೈನ್ಸ್, ನಮ್ಮಲ್ಲಿ ಪೊಲೀಸ್ ಲೈನ್, ಎಲ್ಲ ಆ ಕಡೆಯದೇ. ತೋಟ ಮಾಡಿದವರು ಅದೇ ಪದ ತಂದು ಕೂಲಿಯವರ ಮನೆಗಳಿಗೂ ಇಟ್ಟರು. ಸಿಲೋನಿನ ಟೀ ತೋಟಗಳಲ್ಲೂ ಅದೇ ಹೆಸರು. ಕೋಲಾರದ ಚಿನ್ನದ ಗಣಿಯವರ ವಸತಿಗೂ ಅದೇ.

ಮಾವ: ಸಿಪಾಯಿ ಅಂದ್ರೆ ಹಾಜರಿ ಹಾಕಿ ಕರೆಯೋಕೆ ಸುಲಭ ಆಗಿರ್ಬೇಕು. ನಮ್ಮನ್ನೂ ಹಂಗೇ ಕರೀತಿದ್ರು. ಬೆಳಿಗ್ಗೆ ಗಂಟೆ ಹೊಡೆದ್ರೆ ಇಡೀ ಲೈನ್ ಎದ್ದು ನಿಲ್ಬೇಕು. ಮನುಷ್ಯರಿಗೇ ಲೈನ್ ಅನ್ನೋರು. ‘ಲೈನಿಗೆ ಹೇಳಿ ಕಳ್ಸು’, ‘ಲೈನ್ ಇವತ್ತು ಕೆಲಸಕ್ಕೆ ಬಂದಿಲ್ಲ’, ಹಿಂಗೆ.

ನಾನು: ಶಾಲೇಲಿ?

ಮಾವ: ಶಾಲೇಲಿ ಒಬ್ಬ ಮೇಷ್ಟ್ರು ‘ಲೈನ್ ಹುಡುಗರು ಹಿಂದಕ್ಕೆ’ ಅನ್ನೋರು. ಹೆಸರಿಡಿದು ಕರೀತಿರ್ಲಿಲ್ಲ. ನಾನು ಹೆಂಗೋ ತಡ್ಕೊಂಡೆ. ನಿಮ್ಮಮ್ಮ ನಾಲ್ಕನೇ ಕ್ಲಾಸಿಗೆ ಬಿಟ್ಲು. ಕಾಫಿ ಕುಯ್ಯೋಕೆ ಕೈ ಬೇಕಾಗಿತ್ತು ಅನ್ನೋದು ಒಂದು ಕಾರಣ. ಇದು ಇನ್ನೊಂದು.

ನಾನು: ನಾನು ‘ಸಾಲುಮನೆ’ ಅಂತ ಅನುವಾದ ಮಾಡಿಬಿಡ್ತಿದ್ದೆ, ಎಲ್ಲಾದರೂ ಬಂದಿದ್ದರೆ.

ಮಾವ: ಸಾಲುಮನೆ ಅಂದ್ರೆ ಅಗ್ರಹಾರ ನೆನಪಾಗುತ್ತೆ. ಸಾಲುಮರ ಅಂದ್ರೆ ನೆರಳು ನೆನಪಾಗುತ್ತೆ. ಇದಕ್ಕೆ ಲೈನ್ ಅಂತಲೇ ಬರಿ. ಆ ಪದ ಹೆಂಗೆ ನಮ್ಮ ಮೇಲೆ ಬಿತ್ತೋ ಹಂಗೇ ಇರ್ಲಿ.

ನಾನು: ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ ಮಾಡಿದರು, ಕನ್ನಡಕ್ಕೆ ಬೇರೆ ಭಾಷೆಗಳಿಂದ ಬಂದ ಪದಗಳದ್ದು. ಎರವಲು ಅಂದರೆ ನಾವು ಕೇಳಿ ತಂದದ್ದು ಅಂತ ಅಂದ್ಕೊಳ್ತೀವಿ. ಕೆಲವು ಕೇಳದೆ ಬಂದವು, ನಿಮ್ಮ ಈ ಲೈನ್ ಥರ.

ಮಾವ: ಅದಕ್ಕೇ ಕಣಮ್ಮ, ಲೈನ್‌ಮನ್ ಕೆಲಸ ಸಿಕ್ಕಾಗ ಆರ್ಡರ್ ಕಾಗದ ಹಿಡ್ಕೊಂಡು ಎಷ್ಟು ಹೊತ್ತು ಆ ಪದಾನೇ ನೋಡ್ತಿದ್ದೆ. ಅದೇ ಲೈನ್. ಈಗ ಅದರ ಮುಂದೆ ನನ್ನ ಹೆಸರು ಬರೆದಿದ್ರು.

ನಾನು: ಈಗ ನೇಮಕಾತಿ ಪ್ರಕಟಣೆಗಳಲ್ಲಿ ‘ಕಿರಿಯ ಪವರ್‌ಮ್ಯಾನ್’ ಅಂತ ಬರುತ್ತೆ.

ಮಾವ: ಬರ್ಲಿ. ಜನ ಲೈನ್‌ಮನ್ ಅಂತಲೇ ಕರೀತಾರೆ. ಗೊತ್ತಾ ನಿಂಗೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಲೈನ್ ಎಳೆದ್ರು. 92 ಮೈಲಿ. ಆ ಕಾಲಕ್ಕೆ ಪ್ರಪಂಚದಲ್ಲೇ ಬಹಳ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ತರಬೇತೀಲಿ ಇದನ್ನ ಕೇಳಿದಾಗ ಮೈ ಜುಂ ಅಂತು. ಕಾವೇರಿ ನೀರು ಬೀಳೋದು ಇಲ್ಲಿ, ಗಣಿಯೊಳಗಿನ ಯಂತ್ರ ತಿರುಗೋದು ಅಲ್ಲಿ, ನಡುವೆ ಬರೀ ತಂತಿ.

ನಾನು: ಅದೂ ಒಂದು ದಾರವೇ. ಎರಡು ತುದಿ.

ಮಾವ: ಎರಡು ತುದಿ ಅಂದ್ಯಲ್ಲ, ನಮ್ಮ ಕೆಲಸದ ಪ್ರಾಣವೇ ಅಲ್ಲಿರೋದು. ಎಲ್‌ಸಿ ಅಂದ್ರೆ ಏನು ಗೊತ್ತಾ? ಲೈನ್ ಕ್ಲಿಯರ್. ಕಂಬ ಹತ್ತೋಕೆ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡ್ಬೇಕು. ಯಾವ ಫೀಡರ್, ಯಾವ ಜಾಗ, ಯಾರು ಹತ್ತೋದು, ಎಲ್ಲ ಹೇಳ್ಬೇಕು. ಅಲ್ಲಿ ಕೂತೋನು ಬ್ರೇಕರ್ ತೆಗೆದು, ಪುಸ್ತಕದಲ್ಲಿ ಬರ್ಕೊಂಡು, ಒಂದು ನಂಬರ್ ಹೇಳ್ತಾನೆ. ನಾನೂ ಆ ನಂಬರ್ ಬರ್ಕೊಳ್ತೀನಿ. ಕೆಲಸ ಮುಗಿದ ಮೇಲೆ ನಾನೇ ಫೋನ್ ಮಾಡಿ ಆ ನಂಬರ್ ವಾಪಸ್ ಕೊಡ್ಬೇಕು. ಎಲ್‌ಸಿ ತಗೊಂಡೋನೇ ವಾಪಸ್ ಕೊಡ್ಬೇಕು, ಬೇರೆ ಯಾರೂ ಅಲ್ಲ. ಅಲ್ಲಿ ತನಕ ಅವನು ಲೈನ್ ಚಾರ್ಜ್ ಮಾಡೋ ಹಂಗಿಲ್ಲ, ಮಂತ್ರಿ ಹೇಳಿದ್ರೂ.

ನಾನು: ಅಂದರೆ ಮುಖ ನೋಡದ ಒಬ್ಬನ ಮಾತಿನ ಮೇಲೆ ತಂತಿ ಮುಟ್ತಿದ್ರಿ.

ಮಾವ: ಮಾತಿನ ಮೇಲೂ ಮುಟ್ತಿರ್ಲಿಲ್ಲ. ಎಲ್‌ಸಿ ಸಿಕ್ತು ಅಂತ ಕೈ ಹಾಕ್ಬಾರ್ದು. ಟ್ರಾನ್ಸ್‌ಫಾರ್ಮರ್ ಹತ್ರ ಜಿಒಎಸ್ ಸ್ವಿಚ್ ಎಳೆದು ಬೀಗ ಹಾಕ್ಬೇಕು. ಡಿಸ್ಚಾರ್ಜ್ ರಾಡ್‌ನಲ್ಲಿ ತಂತಿ ಮುಟ್ಟಿಸಿ ನೆಲಕ್ಕೆ ಅರ್ತ್ ಮಾಡ್ಬೇಕು, ನೀನು ಕೆಲಸ ಮಾಡೋ ಜಾಗದ ಎರಡೂ ಪಕ್ಕ. ನನ್ನ ಜೊತೆಯವನೊಬ್ಬ ಒಂದು ಪಕ್ಕ ಬಿಟ್ಟ. ಮಳೆ, ಕತ್ತಲೆ, ಊರವರ ಅವಸರ. ಮೇಲಿನ ಲೈನ್ ಪೂರ್ತಿ ಆಫ್ ಆಗಿತ್ತು. ಆದ್ರೆ ಊರಲ್ಲಿ ಒಂದು ಮದುವೆ ಮನೆ. ಜನರೇಟರ್ ಹಚ್ಚಿದ್ರು. ಮೇನ್ ಸ್ವಿಚ್ ತೆಗೀದೆ ಹಚ್ಚಿದ್ರು. ಅವರ ಮನೆ ಕರೆಂಟು ಹಿಂದಕ್ಕೆ ಹರಿದು ಕಂಬಕ್ಕೆ ಬಂತು.

ನಾನು: ಅಯ್ಯೋ.

ಮಾವ: ನಾನು ಕೆಳಗೆ ಹಗ್ಗ ಹಿಡ್ಕೊಂಡಿದ್ದೆ. ಅವನ ಕೈ ಸೆಟೆದಿದ್ದು ಕಾಣಿಸ್ತು, ಆಮೇಲೆ ಬಿದ್ದ. ಸೊಂಟ ಮುರೀತು, ಪ್ರಾಣ ಉಳೀತು. ಮತ್ತೆ ಕಂಬ ಹತ್ತಲಿಲ್ಲ. ಲೈನಿಗೆ ಒಂದೇ ತುದಿ ಇರಲ್ಲ ಕಣೇ. ಈ ಕಡೆ ನಿಲ್ಸಿದ್ರೆ ಸಾಕು ಅಂದ್ಕೊಂಡ್ರೆ ಆ ಕಡೆಯಿಂದ ಬರುತ್ತೆ. ಯುಪಿಎಸ್, ಜನರೇಟರ್ ಇಟ್ಕೊಂಡಿರೋ ಪ್ರತಿ ಮನೆಯವರಿಗೂ ನಾನು ಇದನ್ನ ಹೇಳ್ತಾ ಬಂದೆ. ನೀನೂ ಬರಿ, ಎಲ್ಲಾದ್ರೂ.

ನಾನು: ಬರೀತೀನಿ ಮಾವ.

ಮಾವ: ನಮ್ಮ ಮಗ ಬೆಂಗಳೂರಿಂದ ಫೋನ್ ಮಾಡಿದಾಗೆಲ್ಲ ಡೆಡ್‌ಲೈನ್, ಡೆಡ್‌ಲೈನ್ ಅಂತಾನೆ. ನಮಗೆ ಡೆಡ್ ಲೈನ್ ಅಂದ್ರೆ ಕರೆಂಟ್ ಇಲ್ಲದ ತಂತಿ. ಬದುಕೋ ಲೈನ್.

ನಾನು: ಅವನದ್ದು ಬೇರೆ, ಅದರ ಕಥೆ ಭಯಂಕರ. ಅಮೆರಿಕದ ಅಂತರ್ಯುದ್ಧದಲ್ಲಿ ಜಾರ್ಜಿಯಾ ರಾಜ್ಯದ ಆಂಡರ್‌ಸನ್‌ವಿಲ್ ಅನ್ನೋ ಕಡೆ 1864ರಲ್ಲಿ ಒಂದು ಸೆರೆಶಿಬಿರ ಮಾಡಿದರು. ಬಯಲಿಗೆ ಮರದ ಗೋಡೆ. ಗೋಡೆಯ ಒಳಗೆ ಒಂದಷ್ಟು ದೂರ ಬಿಟ್ಟು ಸುತ್ತಲೂ ಗೂಟ ನೆಟ್ಟು ಮೇಲೊಂದು ಪಟ್ಟಿ ಹೊಡೆದಿದ್ದರು. ಖೈದಿ ಅದನ್ನ ದಾಟಿದರೆ ಕಾವಲುಗಾರ ಗುಂಡು ಹಾರಿಸ್ತಿದ್ದ. ಅದಕ್ಕೆ ಡೆಡ್‌ಲೈನ್ ಅಂತ ಹೆಸರು. ಅಲ್ಲಿ ಸುಮಾರು 13,000 ಖೈದಿಗಳು ಸತ್ತರು, ಬಹುಪಾಲು ರೋಗದಿಂದ, ಹಸಿವಿನಿಂದ. ಆ ಪದ ಆಮೇಲೆ ಪತ್ರಿಕಾ ಕಚೇರಿಗೆ ಬಂತು, ಸುದ್ದಿ ಕೊಡೋ ಕೊನೇ ಗಳಿಗೆಗೆ. ಈಗ ಎಲ್ಲರ ಬಾಯಲ್ಲೂ ಇದೆ.

ಮಾವ: ಗೂಟಕ್ಕೆ ಹೊಡೆದ ಒಂದು ಪಟ್ಟಿ. ದಾಟೋಕೆ ಕಾಲೆತ್ತಿದ್ರೆ ಸಾಕು.

ನಾನು: ಕೆಲವು ಲೈನ್‌ಗೆ ಗೂಟವೂ ಬೇಡ. ರ‍್ಯಾಡ್‌ಕ್ಲಿಫ್ ಅನ್ನೋ ಬ್ರಿಟಿಷ್ ವಕೀಲರು ದೇಶ ವಿಭಜನೆಗೆ ಅಂತ 1947ರ ಜುಲೈಯಲ್ಲಿ ಭಾರತಕ್ಕೆ ಬಂದರು, ಐದು ವಾರದಲ್ಲಿ ಪಂಜಾಬನ್ನೂ ಬಂಗಾಳವನ್ನೂ ಸೀಳೋ ಗೆರೆ ಎಳೆದರು. ಅದನ್ನ ಜನರಿಗೆ ತಿಳಿಸಿದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ. ನಾವು ಯಾವ ದೇಶದಲ್ಲಿ ಮಲಗಿ ಎದ್ದಿದ್ದೀವಿ ಅನ್ನೋದೇ ಎಷ್ಟೋ ಮನೆಗಳಿಗೆ ಆ ಎರಡು ದಿನ ಗೊತ್ತಿರಲಿಲ್ಲ. ನೋಡಿ ಮಾವ, ಇದೇ ನನ್ನ ಕಷ್ಟ. ಕನ್ನಡದಲ್ಲಿ ಕೂಡಿಸೋ ಪದ ಬೇರೆ, ಬೇರೆ ಮಾಡೋ ಪದ ಬೇರೆ. ಎಳೆ, ದಾರ, ತಂತಿ ಎರಡನ್ನು ಸೇರಿಸುತ್ತವೆ. ಗೆರೆ, ಗಡಿ, ಎಲ್ಲೆ ಎರಡನ್ನು ಬಿಡಿಸುತ್ತವೆ. ಇಂಗ್ಲಿಷಿನ ಲೈನ್ ಎರಡೂ ಮಾಡುತ್ತೆ, ಪದ ಬದಲಾಯಿಸದೆ.

ಮಾವ: ಬಟ್ಟೆ ಹಗ್ಗ ಅಂಗಳದ ನಡುವೆ ಕಟ್ಟಿದ್ರೆ ಈ ಗೂಟಕ್ಕೂ ಆ ಗೂಟಕ್ಕೂ ಸೇರಿಸ್ತು, ಅಂಗಳ ಎರಡು ಭಾಗ ಆಯ್ತು. ಹಗ್ಗಕ್ಕೆ ಅದೇನು ಕಷ್ಟ ಇಲ್ಲ ಬಿಡು. ಆಯ್ತು, ನಿನ್ನ ಕಥೇಲಿ ಕೊನೇಗೆ ಏನಾಗುತ್ತೆ, ಅದನ್ನ ಹೇಳು.

ನಾನು: ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿ. ಅಪ್ಪ ಕಾಡ್ ಮೀನು ಹಿಡಿಯೋನು, ಬಲೆ ಅಲ್ಲ, ಕೈಯಲ್ಲೇ ಗಾಳದ ದಾರ ಬಿಟ್ಟು. ದೊಡ್ಡ ಹಡಗುಗಳು ಬಂದು ಮೀನು ಬರಿದಾಗ್ತಿರೋ ಕಾಲ. ಕೊನೆಗೆ 1992ರಲ್ಲಿ ಸರ್ಕಾರವೇ ಅಲ್ಲಿ ಕಾಡ್ ಹಿಡಿಯೋದನ್ನ ನಿಲ್ಲಿಸ್ತು, ಸಾವಿರಾರು ಜನರ ಕಸುಬು ಹೋಯ್ತು. ಕಥೆ ಅದಕ್ಕೆ ಸ್ವಲ್ಪ ಮುಂಚಿನದು. ಮಗಳು ಚಿಕ್ಕವಳಿದ್ದಾಗ ದೋಣೀಲಿ ಅಪ್ಪ ಅವಳ ಕೈಗೆ ದಾರ ಕೊಟ್ಟು, ಲೈನ್ ಹಿಡ್ಕೊಂಡಿರು ಅಂತಾನೆ. ಅವಳು ದೊಡ್ಡವಳಾಗಿ ದೂರದ ಊರಿಗೆ ಹೋಗ್ತಾಳೆ. ಕೊನೇ ಪುಟದಲ್ಲಿ ಅಪ್ಪನಿಗೆ ಕಾಯಿಲೆ, ಅವಳು ಫೋನ್ ಮಾಡ್ತಾಳೆ. ಅಪ್ಪನನ್ನ ಕರ್ಕೊಂಡು ಬರೋಕೆ ಹೋಗೋ ಅಮ್ಮ ಅದೇ ಮಾತು ಹೇಳ್ತಾಳೆ, ಲೈನ್ ಹಿಡ್ಕೊಂಡಿರು. ಇಂಗ್ಲಿಷಿನಲ್ಲಿ ಫೋನ್ ಇಡಬೇಡ ಅನ್ನೋದಕ್ಕೆ ಹಾಗೇ ಹೇಳ್ತಾರೆ. ಅಲ್ಲಿ ದಾರ ಅಂತ ಬರೆದರೆ ಫೋನ್ ಹೋಗುತ್ತೆ, ಫೋನ್ ಅಂತ ಬರೆದರೆ ದೋಣಿ ಹೋಗುತ್ತೆ. ಲೈನ್ ಅಂತಲೇ ಬಿಟ್ಟರೆ ನಮ್ಮ ಓದುಗರಿಗೆ ದೋಣೀಲಿ ಲೈನ್ ಎಲ್ಲಿಂದ ಬಂತು ಅಂತ ಅನಿಸುತ್ತೆ.

ಮಾವ: ಅವತ್ತು ಮಳೇಲಿ ಅವನು ಮೇಲೆ ಹತ್ತುವಾಗ ನನಗೆ ಏನಂದ ಹೇಳಲಾ? ‘ಹಗ್ಗ ಹಿಡ್ಕೊಂಡಿರು’ ಅಂತ ಅಲ್ಲ. ‘ಹಿಡ್ಕೊಂಡಿರು’ ಅಂದ, ಅಷ್ಟೇ. ಏನನ್ನ ಅಂತ ನಾನು ಕೇಳಲಿಲ್ಲ.

ನಾನು: ...

ಮಾವ: ಮೊದಲು ಟ್ರಂಕ್ ಕಾಲ್ ಮಾಡ್ತಿದ್ದಾಗ ಆ ಕಡೆಯೋರು ಹಂಗೇ ಅಲ್ವಾ ಹೇಳ್ತಿದ್ದಿದ್ದು? ‘ಒಂದು ನಿಮಿಷ ಹಿಡ್ಕೊಂಡಿರಿ, ಕರೀತೀನಿ’ ಅಂತ.

ನಾನು ಎರಡೂ ಹಾಳೆ ಹುಡುಕಿ ತೆಗೆದೆ, ದೋಣಿಯದ್ದು ಮತ್ತು ಫೋನಿನದ್ದು. ಮೊದಲನೆಯದರಲ್ಲಿ ‘ದಾರ’ ಹೊಡೆದುಹಾಕಿದೆ, ಎರಡನೆಯದರಲ್ಲಿ ‘ಫೋನು’ ಹೊಡೆದುಹಾಕಿದೆ. ಎರಡು ಕಡೆಯೂ ಒಂದೇ ಪದ ಉಳಿಯಿತು.

ಮಾವ: ಓದು ನೋಡೋಣ. ದೋಣಿಯಿಂದ ಓದು.